ಮಕ್ಕಳಿಗೆ ಮಾತು ಕಲಿಸದೇ ಇದ್ದರೆ ಮುಗ್ಧತೆ ಉಳಿಯುತ್ತಾ?

ಹೊಂಗೆಮರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲಿ-ಕಲಿ ತರಗತಿ ನನ್ನದು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ.

ನಮ್ಮ ಗೋಡೆಯ ಮೇಲೆ 'ನನ್ನ ದೇಹ' ಅನ್ನುವ ಚಾರ್ಟ್ ಇದೆ. ಚಡ್ಡಿ ಹಾಕಿಕೊಂಡ ಹುಡುಗ ನಿಂತಿದ್ದಾನೆ. ಒಂದೊಂದು ಭಾಗದಿಂದ ಗೆರೆ ಎಳೆದು ಹೆಸರು ಬರೆದಿದ್ದಾರೆ. ಹಣೆ, ಹುಬ್ಬು, ಕಿವಿ, ಭುಜ, ಮೊಣಕೈ, ಎದೆ, ಹೊಟ್ಟೆ, ಹೊಕ್ಕಳು. ಅಲ್ಲಿಂದ ಸೀದಾ ತೊಡೆಗೆ ಹಾರುತ್ತದೆ. ಮಕ್ಕಳು ಇದನ್ನು ಹಾಡಿನ ಹಾಗೆ ಬಾಯಿಪಾಠ ಹೇಳುತ್ತಾರೆ. ಹುಬ್ಬಿಗೂ ಮೊಣಕಾಲ ಚಿಪ್ಪಿಗೂ ಹೆಸರು ಗೊತ್ತಿರುವ ಮಗುವಿನ ಬಾಯಲ್ಲಿ ಆ ಮಧ್ಯದ ಜಾಗಕ್ಕೆ ಇರುವುದು "ಅಲ್ಲಿ", "ಛೀ ಜಾಗ", "ಶೇಮ್ ಶೇಮ್" ಅಷ್ಟೇ.

ಇದರಿಂದ ಏನಾಗುತ್ತದೆ ಅಂತ ತಿಳಿಯಲು ಯಾವುದೇ ಶಾಲೆಯ ಸ್ಟಾಫ್ ರೂಮಿನಲ್ಲಿ ಸ್ವಲ್ಪ ದಿನ ಕೂತು ನೋಡಿ. ಹೆಣ್ಣುಮಕ್ಕಳ ಎಲ್ಲ ತೊಂದರೆಗೂ ಒಂದೇ ಹೆಸರು, ಹೊಟ್ಟೆನೋವು. ಉಚ್ಚೆ ಹೊಯ್ಯುವಾಗ ಉರಿದರೂ ಹೊಟ್ಟೆನೋವು. ತುರಿಕೆ ಆದರೂ ಹೊಟ್ಟೆನೋವು. ಐದನೇ ಕ್ಲಾಸಿನಲ್ಲೇ ಮುಟ್ಟಾದ ಹುಡುಗಿಗೂ ಹೊಟ್ಟೆನೋವು. ಸಾಯಂಕಾಲ ಯಾರದೋ ಮನೆಗೆ ಹೋಗಲು ಹೆದರುವ ಹುಡುಗಿಗೂ ಹೊಟ್ಟೆನೋವು. ನಾವು ಬಿಸಿನೀರು ಕುಡಿಸಿ ಬೆಂಚಿನ ಮೇಲೆ ಮಲಗಿಸುತ್ತೇವೆ. ಮೊದಲನೆಯ ಮಗುವಿಗೆ ಬೇಕಾಗಿದ್ದು ಔಷಧಿ. ಕೊನೆಯ ಮಗುವಿಗೆ ಬೇಕಾಗಿದ್ದು ಬೇರೆಯೇ ಏನೋ. ಎರಡೂ ನಮಗೆ ಕೇಳಿಸುವುದು ಒಂದೇ ಪದದಲ್ಲಿ.

ಮನೆಯವರ ಹತ್ತಿರ ಮಾತು ಎತ್ತಿದರೆ "ಇನ್ನೂ ಮುಗ್ಧ ಮಗು ಟೀಚರ್, ಅದೆಲ್ಲ ಈಗಲೇ ಯಾಕೆ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಮಗುವಿಗೆ ಮಾತು ಗೊತ್ತಿಲ್ಲದಿರುವುದನ್ನೇ ನಾವು ಮುಗ್ಧತೆ ಅಂದುಕೊಂಡುಬಿಟ್ಟಿದ್ದೇವೆ ಅಂತ ನನಗೆ ಅನ್ನಿಸುತ್ತಿದೆ. ಮಾತು ಇಲ್ಲದ ಮಗುವಿಗೂ ನೋವು ಆಗುತ್ತದೆ, ಭಯ ಆಗುತ್ತದೆ, ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ. ಹೇಳಲು ಮಾತ್ರ ಆಗುವುದಿಲ್ಲ. ನಿಮ್ಮ ಅಭಿಪ್ರಾಯ ಬೇಕು. ಒಪ್ಪದವರೂ ಬರೆಯಿರಿ.

ಕೊಟ್ಟಿಗೆಮನೆ

ಟೀಚರ್, ನಮ್ಮದು ಡೈರಿಗೆ ಹಾಲು ಹಾಕುವ ಮನೆ. "ಗೌರಿ ಬೆದೆಗೆ ಬಂದಿದೆ, ಡಾಕ್ಟರಿಗೆ ಫೋನ್ ಮಾಡು" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಾರೆ. ಗಬ್ಬ ನಿಂತಿತಾ, ಎಷ್ಟು ತಿಂಗಳು, ಕೆಚ್ಚಲು ಬಾವು ಬಂದಿದೆ, ಕಂದು ಹಾಕಿತು, ಮಾಸು ಇನ್ನೂ ಬಿದ್ದಿಲ್ಲ. ಇದೆಲ್ಲ ಊಟದ ಹೊತ್ತಿನಲ್ಲೇ ಮಾತಾಡುತ್ತೇವೆ. ಆರು ವರ್ಷದ ನನ್ನ ಮಗ ಹಸು ಈಯುವಾಗ ಪಕ್ಕದಲ್ಲೇ ನಿಂತಿದ್ದ. "ಮುಂಗಾಲು ಬಂತು, ಮೂತಿ ಬಂತು" ಅಂತ ಹೇಳುತ್ತಾ ಇದ್ದ. ಅವನ ಮುಗ್ಧತೆ ಹೋಯಿತು ಅಂತ ಯಾರೂ ಅನ್ನಲಿಲ್ಲ.

ಅದೇ ಮನೆಯಲ್ಲಿ ನನ್ನ ತಂಗಿ ಮುಟ್ಟಾದರೆ "ಕಾಗೆ ಮುಟ್ಟಿದೆ" ಅನ್ನುತ್ತಾರೆ. ಇವನು ಅಂಗಳಕ್ಕೆ ಓಡಿಹೋಗಿ ಯಾವ ಕಾಗೆ ಅಂತ ಹುಡುಕುತ್ತಾನೆ. ಹಸುವಿನ ಮೈ ಬಗ್ಗೆ ಇಷ್ಟೊಂದು ಚೆಂದದ ಕನ್ನಡ ಇದೆ ನಮ್ಮ ಹತ್ತಿರ. ಮನುಷ್ಯರ ವಿಷಯಕ್ಕೆ ಬಂದರೆ ಬಾಯಿಗೆ ಬೀಗ.

ಹಳೇಬೇರು

ಟೀಚರಮ್ಮ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಿಗೆ ಇಲ್ಲ. ನಾನೂ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತಿ ಆದವನು. ಮೊಮ್ಮಕ್ಕಳಿದ್ದಾರೆ.

ಪದ ಅನ್ನುವುದು ಒಂಟಿಯಾಗಿ ಬರುವುದಿಲ್ಲ. ಅದರ ಜೊತೆ ದೊಡ್ಡವರ ನೋಟವೂ ಬರುತ್ತದೆ. ಏಳು ವರ್ಷದ ಹುಡುಗಿ ಮಳೆಯಲ್ಲಿ ನೆನೆದು ಬಟ್ಟೆ ಬಿಚ್ಚಿ ಓಡುತ್ತಾಳೆ. ಅವಳಿಗೆ ತನ್ನ ಮೈ ಬಗ್ಗೆ ಯೋಚನೆಯೇ ಇಲ್ಲ. ಈ ಜಾಗ ಹೀಗೆ, ಇಲ್ಲಿ ಯಾರೂ ಮುಟ್ಟಬಾರದು, ಮುಟ್ಟಿದರೆ ಕೂಗು ಅಂತ ನಾವು ಹೇಳಿಕೊಟ್ಟ ದಿನದಿಂದ ಅವಳು ತನ್ನನ್ನೇ ಹೊರಗಿನಿಂದ ನೋಡಲು ಶುರು ಮಾಡುತ್ತಾಳೆ. ಮಾವನ ತೊಡೆಯ ಮೇಲೆ ಕೂರಲು ಹಿಂಜರಿಯುತ್ತಾಳೆ. ಆ ಯೋಚನೆಯಿಲ್ಲದ ನಾಲ್ಕು ವರ್ಷ ಬಾಲ್ಯಕ್ಕೆ ಬೇಡವೇ? ಅದನ್ನು ನಾನು ಅಜ್ಞಾನ ಅಂತ ಕರೆಯಲಾರೆ. ಅದು ಒಂದು ಬಗೆಯ ಸ್ವಾತಂತ್ರ್ಯ.

ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವೂ ಸೇರಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಅಂತ ಬಂದಿತ್ತು. 2007ರಲ್ಲಿ ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಆಗ ನಾನು ಆ ತೀರ್ಮಾನದ ಪರ ಇದ್ದೆ. ತಂದೆತಾಯಿಗಳನ್ನು ಒಂದು ಮಾತೂ ಕೇಳದೆ ಮಕ್ಕಳ ಕೈಗೆ ಏನನ್ನೂ ಕೊಡಬಾರದು ಅನ್ನುವುದು ಈಗಲೂ ನನ್ನ ನಿಲುವು.

ವಕೀಲೆ_ಧಾರವಾಡ

ಹಿರಿಯರಿಗೆ ನಮಸ್ಕಾರ. ಮಳೆಯಲ್ಲಿ ಓಡುವ ಹುಡುಗಿಯ ಬಗ್ಗೆ ನೀವು ಬರೆದದ್ದು ಮನಸ್ಸಿಗೆ ತಟ್ಟಿತು. ಅವಳು ಹಾಗೇ ಓಡಲಿ ಅಂತಲೇ ನನ್ನ ಆಸೆಯೂ.

ಆದರೆ ಸರ್, ನೀವು ಹೇಳಿದ ಅದೇ 2007ರಲ್ಲಿ ಇನ್ನೊಂದು ದಾಖಲೆ ಹೊರಗೆ ಬಂತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಮಾಡಿದ ಅಧ್ಯಯನ. ಅದರಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ತಮ್ಮ ಮೇಲೆ ಆಗಿದೆ ಅಂದಿದ್ದರು. ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿಯೇ ಇರಲಿಲ್ಲ. ಒಂದು ಕಡೆ ದೇಶ ಈ ಲೆಕ್ಕ ನೋಡುತ್ತಿತ್ತು, ಇನ್ನೊಂದು ಕಡೆ ಪದಗಳು ಶಾಲೆಗೆ ಬರುವುದು ಬೇಡ ಅನ್ನುತ್ತಿತ್ತು. ಎರಡೂ ಒಂದೇ ವರ್ಷ.

ಆಮೇಲೆ ಕಾನೂನು ಬಂತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದನ್ನು ಬರೆದವರಿಗೆ ಮಾತಿನ ಕಷ್ಟ ಗೊತ್ತಿತ್ತು. ಮಗು ಹೇಳಿದ್ದನ್ನು ಮಗುವಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಪೊಲೀಸರು ಆಗ ಯೂನಿಫಾರ್ಮಿನಲ್ಲಿ ಇರಬಾರದು. ಕೋರ್ಟಿನಲ್ಲಿ ಆರೋಪಿಯ ವಕೀಲರು ಮಗುವನ್ನು ನೇರವಾಗಿ ಪ್ರಶ್ನೆ ಮಾಡುವ ಹಾಗಿಲ್ಲ, ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಕೇಳುತ್ತಾರೆ.

ಇಷ್ಟೆಲ್ಲ ಏರ್ಪಾಡು ಮಾಡಿದ ಮೇಲೆ ಮಗು ಬಂದು ಕೂರುತ್ತದೆ. "ಏನಾಯಿತು ಪುಟ್ಟಾ?" "ಗಲೀಜು ಮಾಡಿದ." "ಗಲೀಜು ಅಂದರೆ?" ಮಗು ತಲೆ ತಗ್ಗಿಸುತ್ತದೆ. "ಎಲ್ಲಿ?" "ಅಲ್ಲಿ." ಕಾನೂನಿಗೆ ಎಲ್ಲಿ, ಹೇಗೆ ಅನ್ನುವುದು ಬೇಕು. ಯಾವ ಕಲಮು, ಎಷ್ಟು ಶಿಕ್ಷೆ ಅನ್ನುವುದು ಅದರ ಮೇಲೆ ನಿಂತಿದೆ. ಮಗುವಿನ ಹತ್ತಿರ ಇರುವುದು "ಅಲ್ಲಿ" ಅನ್ನುವ ಪದ ಮಾತ್ರ.

ಇನ್ನೊಂದು ಮಗು ಬರುತ್ತದೆ. ಸರಿಯಾದ ಪದ ಹೇಳುತ್ತದೆ. ಆಗ ಪ್ರಶ್ನೆ ಬರುತ್ತದೆ, "ಈ ಪದ ನಿನಗೆ ಯಾರು ಹೇಳಿಕೊಟ್ಟರು? ಅಮ್ಮನಾ?" ಅಂದರೆ ಇದು ಹೇಳಿಕೊಟ್ಟ ಸಾಕ್ಷಿ ಅನ್ನುವ ವಾದ. ಮುಗ್ಧ ಮಗುವಿಗೆ ಇಂಥ ಪದ ಗೊತ್ತಿರಲು ಹೇಗೆ ಸಾಧ್ಯ ಅನ್ನುವ ನಂಬಿಕೆಯೇ ಆ ವಾದಕ್ಕೆ ಬಲ. ಪದ ಇಲ್ಲದ ಮಗುವನ್ನು ನಂಬಲು ಕಷ್ಟ, ಪದ ಇರುವ ಮಗುವನ್ನು ನಂಬಲು ಇಷ್ಟ ಇಲ್ಲ. ಒಂದನೇ ಕ್ಲಾಸಿನಲ್ಲೇ ಎಲ್ಲ ಮಕ್ಕಳಿಗೂ ಆ ಹೆಸರುಗಳು ಗೊತ್ತಿದ್ದರೆ "ಯಾರು ಹೇಳಿಕೊಟ್ಟರು" ಅನ್ನುವ ಪ್ರಶ್ನೆಗೆ "ನಮ್ಮ ಟೀಚರ್, ಎಲ್ಲರಿಗೂ" ಅನ್ನುವ ಉತ್ತರ ಇರುತ್ತದೆ. ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಭಾಷೆಹುಚ್ಚು

ಒಳ್ಳೆಯ ಚರ್ಚೆ. ಭಾಷಾವಿಜ್ಞಾನ ಓದುತ್ತಿರುವುದರಿಂದ ಒಂದು ವಿಷಯ ಸೇರಿಸುತ್ತೇನೆ. ಪದ ಇಲ್ಲದಿದ್ದರೆ ಯೋಚನೆಯೇ ಇಲ್ಲ ಅನ್ನುವ ವಾದ ಇದೆಯಲ್ಲ, ಅದನ್ನು ಅಷ್ಟು ಗಟ್ಟಿಯಾಗಿ ಯಾರೂ ಈಗ ಒಪ್ಪುವುದಿಲ್ಲ. ಆದರೆ ಪದದಿಂದ ಏನೂ ವ್ಯತ್ಯಾಸವಿಲ್ಲ ಅನ್ನುವುದೂ ಸುಳ್ಳು.

ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಪಿರಹಾ ಅನ್ನುವ ಜನ ಇದ್ದಾರೆ. ಅವರ ಭಾಷೆಯಲ್ಲಿ ಖಚಿತ ಸಂಖ್ಯೆಗೆ ಪದಗಳಿಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರ ಮುಂದೆ ಕೆಲವು ವಸ್ತುಗಳನ್ನು ಸಾಲಾಗಿ ಇಟ್ಟು ಅಷ್ಟೇ ವಸ್ತುಗಳನ್ನು ಜೋಡಿಸಲು ಹೇಳಿದರು. ಕಣ್ಣೆದುರು ಇದ್ದಾಗ ಸರಿಯಾಗಿ ಜೋಡಿಸಿದರು. ಮೊದಲ ಸಾಲನ್ನು ಮರೆ ಮಾಡಿ ಕೇಳಿದಾಗ, ಸಂಖ್ಯೆ ದೊಡ್ಡದಾದಂತೆ ತಪ್ಪು ಜಾಸ್ತಿ ಆಯಿತು. ಅಂದರೆ ಅವರಿಗೆ ಎಷ್ಟು ಅನ್ನುವುದು ಕಾಣದೇ ಇರಲಿಲ್ಲ. ಕಂಡದ್ದನ್ನು ನೆನಪಿನಲ್ಲಿ ಹಿಡಿದಿಟ್ಟು ಇನ್ನೊಂದು ಹೊತ್ತಿಗೆ ದಾಟಿಸಲು ಪದ ಬೇಕಾಗಿತ್ತು.

ಟೀಚರ್ ಹೇಳಿದ್ದೂ ಇದೇ ಅಲ್ವಾ? ಆ ಕ್ಷಣದಲ್ಲಿ ಮಗುವಿಗೆ ಗೊತ್ತಾಗುತ್ತದೆ. ಸಾಯಂಕಾಲ ಅಮ್ಮ ಕೆಲಸದಿಂದ ಬರುವವರೆಗೆ ಅದನ್ನು ಇಟ್ಟುಕೊಂಡು, ಆಮೇಲೆ ಹೇಳುವುದಕ್ಕೆ ಪದ ಬೇಕು.

ಕೈಮಾತು

ನಾನು ಕಿವಿ ಕೇಳಿಸದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಈ ವಿಷಯ ನಮಗೆ ದಿನದ ಬದುಕು. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಒಂದು ಸಮ್ಮೇಳನ ಸೇರಿತು. ಸನ್ನೆ ಭಾಷೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಅಂತ ನಿರ್ಣಯ ಮಾಡಿತು. ಅಲ್ಲಿದ್ದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳಿಸುವವರು. ಆಮೇಲೆ ಎಷ್ಟೋ ದೇಶಗಳ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನ ಸೇರಿ ಆ ನಿರ್ಣಯಕ್ಕೆ ವಿಷಾದ ವ್ಯಕ್ತಪಡಿಸಿತು. ನಡುವೆ 130 ವರ್ಷ ಕಳೆದಿತ್ತು.

ಭಾಷೆ ಸಿಗದಿದ್ದರೆ ಮನಸ್ಸಿಗೆ ಏನಾಗುತ್ತದೆ ಅನ್ನುವುದಕ್ಕೆ ನಿಕರಾಗುವಾದ ಉದಾಹರಣೆ ಇದೆ. 1970ರ ದಶಕದ ಕೊನೆಯಲ್ಲಿ ಅಲ್ಲಿಯ ರಾಜಧಾನಿ ಮನಾಗುವಾದ ಶಾಲೆಗಳಲ್ಲಿ ಕಿವುಡ ಮಕ್ಕಳು ಮೊದಲ ಸಲ ದೊಡ್ಡ ಗುಂಪಾಗಿ ಸೇರಿದರು. ಟೀಚರುಗಳು ಸ್ಪ್ಯಾನಿಷ್ ಕಲಿಸಲು ನೋಡಿದರು, ಮಕ್ಕಳು ತಮ್ಮತಮ್ಮಲ್ಲೇ ಹೊಸ ಸನ್ನೆ ಭಾಷೆ ಕಟ್ಟಿಕೊಂಡರು. ಮೊದಲ ತಂಡದ ಭಾಷೆಯಲ್ಲಿ 'ತಿಳಿದಿದ್ದಾನೆ', 'ಅಂದುಕೊಂಡಿದ್ದಾನೆ' ಥರದ ಸನ್ನೆಗಳು ತೀರಾ ಕಡಿಮೆ. ಆಮೇಲೆ ಬಂದ ಕಿರಿಯರ ಭಾಷೆಯಲ್ಲಿ ಅವು ಧಾರಾಳವಾಗಿದ್ದವು. ಜೆನ್ನಿ ಪೈಯರ್ಸ್, ಆನ್ ಸೆಂಗಾಸ್ ಅನ್ನುವ ಇಬ್ಬರು ಸಂಶೋಧಕರು ಎರಡೂ ತಂಡದವರಿಗೆ ಚಿತ್ರಕಥೆ ತೋರಿಸಿದರು. ಒಬ್ಬ ಹುಡುಗ ಆಟಿಕೆಯನ್ನು ಒಂದು ಕಡೆ ಇಟ್ಟು ಹೋಗುತ್ತಾನೆ. ಅವನಿಲ್ಲದಾಗ ಇನ್ನೊಬ್ಬ ಅದನ್ನು ಬೇರೆ ಕಡೆ ಇಡುತ್ತಾನೆ. ಮೊದಲನೆಯವನು ಬಂದು ಎಲ್ಲಿ ಹುಡುಕುತ್ತಾನೆ? ಇಪ್ಪತ್ತು ದಾಟಿದ ಹಿರಿಯರಲ್ಲಿ ಹಲವರಿಗೆ ಇದು ಕಷ್ಟ ಆಯಿತು. ಕಿರಿಯರಿಗೆ ಸುಲಭ ಆಯಿತು. ಎರಡು ವರ್ಷ ಬಿಟ್ಟು ಮತ್ತೆ ನೋಡಿದಾಗ ಹಿರಿಯರು ಆ ಸನ್ನೆಗಳನ್ನು ಕಲಿತಿದ್ದರು, ಉತ್ತರವೂ ಸರಿಯಾಗತೊಡಗಿತ್ತು. ಇದು 2009ರಲ್ಲಿ ಪ್ರಕಟವಾಯಿತು.

'ಅವನು ನನಗೆ ಸುಳ್ಳು ಹೇಳಿ ನಂಬಿಸಿದ' ಅಂತ ಯೋಚಿಸಲು ಮಗುವಿಗೆ ಇಂಥ ಪದಗಳೇ ಬೇಕು. "ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೆ ಹೇಳಿದರೆ ಅಮ್ಮ ಸತ್ತುಹೋಗುತ್ತಾಳೆ" ಅನ್ನುವವನ ಮಾತಿನ ಹಿಂದೆ ಏನಿದೆ ಅಂತ ಮಗು ಹೇಗೆ ಅಂದಾಜು ಮಾಡಬೇಕು? ನಮ್ಮ ಮಕ್ಕಳು ಇಂಥವರಿಗೆ ಬಹಳ ಬೇಗ ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮನಿಗೇ ಸನ್ನೆ ಬರುವುದಿಲ್ಲ. ಊಟ, ನೀರು, ಸ್ಕೂಲು, ಮಲಗು ಅನ್ನುವಷ್ಟೇ ಸನ್ನೆ ಇರುವ ಮನೆಗಳನ್ನು ನೋಡಿದ್ದೇನೆ. ಅಂಥ ಮನೆಯ ಮಗುವಿನ ಬಗ್ಗೆ ಎಲ್ಲರೂ "ಪಾಪ, ದೇವರಂಥ ಮಗು, ಏನೂ ಗೊತ್ತಾಗಲ್ಲ" ಅನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಗೊತ್ತಾಗುತ್ತದೆ. ಅದನ್ನು ಹೇಳಲು ಬೇಕಾದ ಭಾಷೆಯನ್ನು ನಾವು ಆ ಮಗುವಿಗೆ ಕೊಟ್ಟಿಲ್ಲ.

ಹೊಂಗೆಮರ

ಕೈಮಾತು ಅವರೇ, ನಿಮ್ಮ ಬರಹವನ್ನು ಮತ್ತೆ ಮತ್ತೆ ಓದಿದೆ. ತುಂಬಾ ಧನ್ಯವಾದ.

ಹಳೇಬೇರು ಸರ್, ಮಾವನ ತೊಡೆಯ ಮೇಲೆ ಕೂರಲು ಹಿಂಜರಿಯುವ ಹುಡುಗಿಯ ಬಗ್ಗೆ ಬರೆದಿದ್ದೀರಿ. ಹಿಂಜರಿಯುವ ಸ್ವಾತಂತ್ರ್ಯವೂ ಅವಳಿಗೆ ಇರಲಿ ಅನ್ನುವುದು ನನ್ನ ವಾದ. ನಮ್ಮ ಮನೆಗಳಲ್ಲಿ "ಮುತ್ತು ಕೊಡು, ಮಾವನಿಗೆ ಬೇಜಾರಾಗುತ್ತೆ" ಅಂತ ಒತ್ತಾಯ ಮಾಡುತ್ತೇವೆ. ಬೇಡ ಅನ್ನುವ ಪದ ಮಗುವಿಗೆ ಎರಡು ವರ್ಷಕ್ಕೇ ಬರುತ್ತದೆ. ಅದನ್ನು ಬಿಡಿಸುವವರು ನಾವು. ಒಳ್ಳೆ ಮಗು ಅಂದರೆ ಬೇಡ ಅನ್ನದ ಮಗು ಅಂತ ಕಲಿಸುತ್ತೇವೆ.

ಅಪ್ಪನಾದೆ

ನನಗೆ ನಾಲ್ಕು ವರ್ಷದ ಮಗಳು. ಎಲ್ಲ ಓದಿದೆ, ಒಪ್ಪಿದೆ. ಆದರೆ ಯಾವ ಪದ ಹೇಳಿಕೊಡಲಿ? ಪಠ್ಯದ ಪದಗಳು ಸಂಸ್ಕೃತದವು, ನನ್ನ ಬಾಯಲ್ಲೇ ತೊಡರುತ್ತವೆ. ಆಡುಮಾತಿನ ಪದಗಳೆಲ್ಲ ಬೈಗುಳ ಆಗಿಹೋಗಿವೆ. ಮಧ್ಯದ್ದು ಇಲ್ಲ. ಇಂಗ್ಲಿಷ್ ಹೇಳಿಕೊಟ್ಟರೆ ಊರಿನಲ್ಲಿರುವ ನನ್ನ ಅಮ್ಮನಿಗೆ ಅರ್ಥವಾಗುವುದಿಲ್ಲ. ದಯವಿಟ್ಟು ಯಾರಾದರೂ ಸರಿಯಾಗಿ ಹೇಳಿ.

ಸಿಸ್ಟರ್_ಪಿಎಚ್‌ಸಿ

ಅಪ್ಪನಾದೆ ಅವರೇ, ಈ ಪ್ರಶ್ನೆಯನ್ನು ತಾಯಂದಿರೂ ಕೇಳುತ್ತಾರೆ. ಅಪ್ಪ ಕೇಳಿದ್ದು ನೋಡಿ ಖುಷಿಯಾಯಿತು.

ನಮ್ಮ ಆರೋಗ್ಯ ಕೇಂದ್ರದಲ್ಲಿ ನಾನು ಹೇಳುವುದು ಇಷ್ಟು. ಸ್ನಾನ ಮಾಡಿಸುವಾಗ ಹೇಳಿಕೊಡಿ. ಕಿವಿ ತೊಳಿ, ಕಂಕುಳು ತೊಳಿ ಅನ್ನುವ ದನಿಯಲ್ಲೇ ಹೇಳಿ, ದನಿ ಇಳಿಸಬೇಡಿ. ಶಿಶ್ನ, ಯೋನಿ ಅನ್ನುವ ಪಠ್ಯದ ಪದ ಒಂದು ಸಲ ಹೇಳಿಬಿಡಿ. ಮಕ್ಕಳು ಡೈನೋಸಾರ್ ಹೆಸರನ್ನೇ ಹೇಳುತ್ತಾರೆ, ಇದು ಅವರಿಗೆ ಕಷ್ಟವೇ ಅಲ್ಲ. ಬಾಯಿ ತೊಡರುವುದು ನಮಗೆ. ದಿನದ ಮಾತಿಗೆ ಉಚ್ಚೆ ಜಾಗ, ಕಕ್ಕಸಿನ ಜಾಗ, ಎದೆ ಅಂದರೂ ಸರಿ. ಮನೆಯಲ್ಲಿ ಮುದ್ದಿಗೆ ಏನೋ ಒಂದು ಹೆಸರು ಇಟ್ಟುಕೊಂಡಿದ್ದರೆ ಇರಲಿ. ಆದರೆ ಮನೆಯಿಂದ ಹೊರಗಿನವರಿಗೆ, ಟೀಚರಿಗೆ, ನನ್ನಂಥ ನರ್ಸಿಗೆ ಅರ್ಥವಾಗುವ ಒಂದು ಪದ ಮಗುವಿಗೆ ಗೊತ್ತಿರಲೇಬೇಕು. ಒಂದು ಮಗು "ಗುಬ್ಬಿಗೆ ನೋವು" ಅಂದಾಗ ಹೊರಗಿನವರಿಗೆ ಏನು ಗೊತ್ತಾಗಬೇಕು?

ಇನ್ನೊಂದು ವಿಷಯ. ಮುಟ್ಟಿನ ಬಗ್ಗೆ ಹುಡುಗಿಯರಿಗೆ ಮುಂಚೆಯೇ ಹೇಳಿ. ಮೊದಲ ಸಲ ರಕ್ತ ನೋಡಿ ಕ್ಯಾನ್ಸರ್ ಬಂತು, ಸಾಯುತ್ತೇನೆ ಅಂದುಕೊಂಡು ಯಾರಿಗೂ ಹೇಳದೆ ಅಳುತ್ತಾ ಇದ್ದೆ ಅಂತ ಈಗಲೂ ಹುಡುಗಿಯರು ಬಂದು ಹೇಳುತ್ತಾರೆ. ಸರ್ಕಾರ ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡಲು ಶುರು ಮಾಡಿದ್ದು 2013–14ರಲ್ಲಿ. ಪ್ಯಾಡ್ ಕೈಗೆ ಬಂತು. ಯಾಕೆ ಅಂತ ಹೇಳುವ ಬಾಯಿ ಎಷ್ಟೋ ಕಡೆ ಇನ್ನೂ ತೆರೆದಿಲ್ಲ.

ಹೆಸರು_ಬೇಡ

ಎಲ್ಲರೂ ಹುಡುಗಿಯರ ಬಗ್ಗೆ ಬರೆಯುತ್ತಿದ್ದೀರಿ. ತಪ್ಪಲ್ಲ. ಹುಡುಗರ ಬಗ್ಗೆ ನಾನು ಹೇಳುತ್ತೇನೆ.

ನಾನು ಹಾಸ್ಟೆಲಿನಲ್ಲಿ ಓದಿದವನು. ಅಲ್ಲಿ ನಮಗೆ ಪದಗಳಿಗೆ ಬರ ಇರಲಿಲ್ಲ. ಪ್ರತಿ ಅಂಗಕ್ಕೂ ಹತ್ತು ಪದ. ಎಲ್ಲ ಬೈಗುಳ, ಎಲ್ಲ ಇನ್ನೊಬ್ಬರ ಅಮ್ಮನಿಗೆ ಅಕ್ಕನಿಗೆ. ದೊಡ್ಡ ಕ್ಲಾಸಿನವನೊಬ್ಬ ರಾತ್ರಿ ನನ್ನ ಹಾಸಿಗೆಗೆ ಬರುತ್ತಿದ್ದ. ಅದನ್ನು ಹೇಳಲು ಆ ಅಷ್ಟೂ ಪದಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಹೇಳಿದ್ದರೆ ಅದು ನನಗೇ ಅಂಟುವ ಬೈಗುಳ ಆಗುತ್ತಿತ್ತು. ಹುಡುಗರಿಗೆ ಹೀಗೆ ಆಗುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ನನಗೆ ಆದದ್ದು ಏನು ಅಂತ ನನಗೇ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ, ಪತ್ರಿಕೆಯಲ್ಲಿ ಒಂದು ಲೇಖನ ಓದಿದಾಗ.

ಇಷ್ಟೇ ಹೇಳಬೇಕಿತ್ತು.

ವಕೀಲೆ_ಧಾರವಾಡ

ನಿಮ್ಮ ಮಾತನ್ನು ಇಲ್ಲಿ ಇಟ್ಟಿದ್ದಕ್ಕೆ ಕೈ ಮುಗಿಯುತ್ತೇನೆ. ಬೇರೆಯವರ ಗಮನಕ್ಕೆ: ಮೇಲೆ ಹೇಳಿದ 2007ರ ಅಧ್ಯಯನದಲ್ಲಿ ದೌರ್ಜನ್ಯ ಆಗಿದೆ ಅಂದ ಮಕ್ಕಳಲ್ಲಿ ಹುಡುಗರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಇದ್ದರು. ಪೋಕ್ಸೋ ಕಾಯ್ದೆ ಗಂಡು ಹೆಣ್ಣು ಅಂತ ಭೇದ ಮಾಡುವುದಿಲ್ಲ. 18 ತುಂಬದ ಎಲ್ಲರೂ ಅದರಲ್ಲಿ ಬರುತ್ತಾರೆ.

ಬಸ್‌ಪಾಸ್

ಪದ ಇಲ್ಲದಿರುವುದು ಒಂದು ಸಮಸ್ಯೆ. ಹಗುರ ಪದ ಇರುವುದು ಇನ್ನೊಂದು. ನಾನು ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಆಗುತ್ತಿದ್ದದ್ದಕ್ಕೆ ಮನೆಯಲ್ಲಿ ಇದ್ದ ಪದ "ಚುಡಾಯಿಸೋದು". ಪೇಪರಿನಲ್ಲಿ "ಈವ್ ಟೀಸಿಂಗ್". ಎರಡೂ ತಮಾಷೆಯ ಪದಗಳು. "ಯಾರೋ ಚುಡಾಯಿಸಿದ" ಅಂದರೆ ಅಣ್ಣ "ನಿನ್ನನ್ನೇ ಯಾಕೆ" ಅಂತ ನಗುತ್ತಿದ್ದ. ಅವನ ತಪ್ಪಲ್ಲ, ಪದದ ಒಳಗೇ ನಗು ಇತ್ತು.

ರಾಜಸ್ಥಾನದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಅತ್ಯಾಚಾರ ಆಯಿತು. ಆ ಘಟನೆಯ ನಂತರ ಹೆಣ್ಣುಮಕ್ಕಳ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖ ತೀರ್ಪು ಬಂತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಅಂದರೆ ಏನೇನು ಅಂತ ನಮ್ಮಲ್ಲಿ ಮೊದಲ ಸಲ ಬಿಡಿಸಿ ಬರೆದದ್ದು ಆಗ. 2013ರಲ್ಲಿ ಕಾಯ್ದೆಯೇ ಆಯಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಕೈಪಿಡಿ ಹೊರತಂದು 'ಈವ್ ಟೀಸಿಂಗ್' ಥರದ ಪದಗಳನ್ನು ತೀರ್ಪುಗಳಲ್ಲಿ ಬಳಸಬೇಡಿ, ಬೀದಿಯಲ್ಲಿ ಆಗುವ ಲೈಂಗಿಕ ಕಿರುಕುಳ ಅನ್ನಿ ಅಂತ ಹೇಳಿತು. ಪದ ಬದಲಾದರೆ ಏನು ಮಹಾ ಅನ್ನುವವರಿಗೆ ಹೇಳುತ್ತೇನೆ, ನಾನು ಇವತ್ತು ಕೆಲಸ ಮಾಡುವ ಕಡೆ "ಕಿರುಕುಳ" ಅಂತ ದೂರು ಬರೆದರೆ ಯಾರೂ ನಗುವುದಿಲ್ಲ.

ಭಾಷೆಹುಚ್ಚು

ಇದಕ್ಕೆ ಸೇರಿದ್ದೇ ಒಂದು. ಈಗ ಶಾಲೆಗಳಲ್ಲಿ 'ಗುಡ್ ಟಚ್, ಬ್ಯಾಡ್ ಟಚ್' ಹೇಳಿಕೊಡುತ್ತಾರೆ. ಎರಡೇ ಖಾನೆ. ಡಾಕ್ಟರ್ ಇಂಜೆಕ್ಷನ್ ಕೊಟ್ಟರೆ ನೋವು, ಆದರೆ ಅದು ಒಳ್ಳೆಯದು. ಚಾಕೊಲೇಟ್ ಕೊಟ್ಟು ಕಚಗುಳಿ ಇಡುವವನು ಮಾಡುವುದು ಮಗುವಿಗೆ ಮೊದಲು ಕೆಟ್ಟದ್ದು ಅಂತ ಅನ್ನಿಸದೇ ಇರಬಹುದು. ಆಮೇಲೆ ಗೊತ್ತಾದಾಗ 'ಕೆಟ್ಟ' ಅನ್ನುವ ಪದ ತನಗೇ ಅಂಟಿತು ಅಂತ ಮಗು ಹೆದರುತ್ತದೆ. ಗಲಿಬಿಲಿ, ಮುಜುಗರ, ಗುಟ್ಟು, ಒತ್ತಾಯ, ಲಂಚ. ಈ ಪದಗಳೂ ಬೇಕು. ಇವೆಲ್ಲ ಸುಲಭ ಕನ್ನಡವೇ.

ವಕೀಲೆ_ಧಾರವಾಡ

ನಿಜ. ಪದವನ್ನು ಕಿರಿದು ಮಾಡಿದರೆ ದೊಡ್ಡವರ ಲೋಕದಲ್ಲೂ ಏನಾಗುತ್ತದೆ ನೋಡಿ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 12 ವರ್ಷದ ಹುಡುಗಿಯ ಎದೆಯನ್ನು ಬಟ್ಟೆಯ ಮೇಲಿನಿಂದ ಹಿಸುಕಿದ್ದು ಪೋಕ್ಸೋದ ಲೈಂಗಿಕ ಹಲ್ಲೆಯಲ್ಲಿ ಬರುವುದಿಲ್ಲ, ಚರ್ಮಕ್ಕೆ ಚರ್ಮ ತಾಗಿಲ್ಲ ಅಂದಿತು. 'ಸ್ಪರ್ಶ' ಅನ್ನುವ ಒಂದು ಪದವನ್ನು ಅಷ್ಟು ಸಣ್ಣದು ಮಾಡಿದ್ದರಿಂದ ಎಷ್ಟು ಮಕ್ಕಳು ಕಾನೂನಿನ ಹೊರಗೆ ಉಳಿದುಬಿಡುತ್ತಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಮುಖ್ಯವಾದದ್ದು ಲೈಂಗಿಕ ಉದ್ದೇಶ, ಚರ್ಮ ತಾಗಿತೇ ಇಲ್ಲವೇ ಅನ್ನುವುದಲ್ಲ ಅಂತ ಹೇಳಿತು.

ಹಳೇಬೇರು

ಎಲ್ಲ ಓದಿದೆ. ಹಾಸ್ಟೆಲಿನ ವಿಷಯ ಬರೆದ ಮಗನಿಗೆ ದೇವರು ಒಳ್ಳೆಯದು ಮಾಡಲಿ. ನಾನೂ ಹಾಸ್ಟೆಲ್ ಇದ್ದ ಊರಿನಲ್ಲೇ ಪಾಠ ಮಾಡಿದವನು.

ನನ್ನ ಒಂದು ಮಾತು ಉಳಿದಿದೆ. ಮೈಯ ಹೆಸರು ಹೇಳಿಕೊಡುವುದು ಬೇರೆ, ಭಯ ಹೇಳಿಕೊಡುವುದು ಬೇರೆ. ಸಿಸ್ಟರ್ ಹೇಳಿದ ಹಾಗೆ ಸ್ನಾನದ ಮನೆಯಲ್ಲಿ, ಮಾಮೂಲಿ ದನಿಯಲ್ಲಿ ಹೇಳುವುದಾದರೆ ನನ್ನ ತಕರಾರು ಇಲ್ಲ. ಕೊಟ್ಟಿಗೆಯಲ್ಲಿ ನಾವೂ ಹಾಗೇ ಬೆಳೆದವರು. ಆದರೆ ಶಾಲೆಯಲ್ಲಿ ಯಾರೋ ಹೊರಗಿನವರು ಒಂದು ದಿನ ಬಂದು, ಮಕ್ಕಳನ್ನು ಸಾಲಾಗಿ ಕೂರಿಸಿ, ವಿಡಿಯೋ ಹಾಕಿ, ಹೆದರಿಸಿ ಹೋಗುವುದು ಬೇಡ. ಮತ್ತು ತಂದೆತಾಯಿಗಳಿಗೆ ಮೊದಲು ಹೇಳಬೇಕು. ಇದನ್ನು ಬಿಟ್ಟುಕೊಡಲಾರೆ.

ಹೊಂಗೆಮರ

ಸರ್, ಇದನ್ನು ನಾನೂ ಒಪ್ಪುತ್ತೇನೆ. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲು ತಾಯಂದಿರ ಜೊತೆ, ಆಮೇಲೆ ಅಪ್ಪಂದಿರ ಜೊತೆ ಮಾತಾಡುತ್ತೇನೆ. ನೀವು ಹತ್ತಿರ ಇದ್ದಿದ್ದರೆ ನಿಮ್ಮನ್ನೇ ಕರೆಯುತ್ತಿದ್ದೆ. ಮೇಷ್ಟ್ರು ಹೇಳಿದರೆ ಅಜ್ಜಂದಿರೂ ಕೇಳುತ್ತಾರೆ.

ಚಾರ್ಟನ್ನು ಹೊಸದಾಗಿ ಬರೆಸುತ್ತಿದ್ದೇವೆ. ಹೊಕ್ಕಳಿಗೂ ತೊಡೆಗೂ ಮಧ್ಯೆ ಎರಡು ಗೆರೆ ಜಾಸ್ತಿ ಬರುತ್ತವೆ. ಹುಡುಗಿಯ ಚಿತ್ರವನ್ನೂ ಪಕ್ಕದಲ್ಲಿ ಹಾಕುತ್ತೇವೆ.

ವಕೀಲೆ ಮೇಡಂ, ಕೊನೆಯ ಪ್ರಶ್ನೆ. ಪದ ಕಲಿತ ಮಗು ನಾಳೆ ಬಂದು ಏನೋ ಹೇಳಿಬಿಟ್ಟರೆ ನಮ್ಮಂಥ ಟೀಚರು ಏನು ಮಾಡಬೇಕು? ನಿಜ ಹೇಳಬೇಕೆಂದರೆ ಬಹಳ ಶಿಕ್ಷಕರಿಗೆ ಭಯ ಇರುವುದು ಇದರ ಬಗ್ಗೆಯೇ.

ವಕೀಲೆ_ಧಾರವಾಡ

ಮೊದಲು, ಮಧ್ಯೆ ಬಾಯಿ ಹಾಕದೆ ಕೇಳಿ. "ಅವನು ಹೀಗೆ ಮಾಡಿದನಾ" ಅಂತ ನೀವೇ ಪದ ಕೊಡಬೇಡಿ. "ಆಮೇಲೆ ಏನಾಯಿತು" ಅನ್ನುವಷ್ಟು ಸಾಕು. ಮಗು ಯಾವ ಪದ ಬಳಸಿತೋ ಅದನ್ನೇ, "ಗಲೀಜು" ಅಂದಿದ್ದರೆ "ಗಲೀಜು" ಅಂತಲೇ, ಅವತ್ತೇ ಬರೆದಿಡಿ. ತಿದ್ದಿ ಶುದ್ಧ ಮಾಡಬೇಡಿ. ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದು ತಪ್ಪಿಲ್ಲ ಅನ್ನಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಯಾಕೆಂದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಮುಚ್ಚಿಟ್ಟರೆ ನಿಮಗೂ ಶಿಕ್ಷೆ ಇದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ. ಮಗುವಿನ ಹೆಸರು, ಊರು, ಶಾಲೆ ವಾಟ್ಸಾಪ್ ಗುಂಪಿನಲ್ಲಿ ಹಾಕುವ ಹಾಗಿಲ್ಲ.

ಮಕ್ಕಳ ಸಹಾಯವಾಣಿ 1098. ಇದನ್ನೂ ಆ ಚಾರ್ಟಿನ ಕೆಳಗೆ ದೊಡ್ಡದಾಗಿ ಬರೆಸಿ. ಓದಲು ಕಲಿಯುವ ಮೊದಲೇ ಮಕ್ಕಳಿಗೆ ಅಂಕಿ ಬರುತ್ತದೆ.